ಹದಿನೈದು ದಿನದ ಮಿಷನ್ ಪ್ರವಾಸ: ಬರಮಾಡಿಕೊಂಡ ಊರಿನಿಂದ ಒಂದು ನೋಟ

ಪ್ರವಾಸಿ ವೀಸಾದಲ್ಲಿ ಬಂದು ಪ್ರಾರ್ಥನಾ ಸಭೆಯಲ್ಲಿ ಉಪದೇಶ ಮಾಡಿದ ವಿದೇಶಿಯರನ್ನು ವಾಪಸು ಕಳಿಸಲಾಯಿತು ಎಂಬ ಸುದ್ದಿ ಆಗಾಗ ಬರುತ್ತದೆ. 2025ರ ಜುಲೈಯಲ್ಲಿ ಛತ್ತೀಸಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಕ್ರೈಸ್ತ ಸನ್ಯಾಸಿನಿಯರ ಬಂಧನವಾಯಿತು. ಮತಾಂತರ ಮತ್ತು ಮಾನವ ಸಾಗಣೆಯ ಆರೋಪ ಹೊತ್ತಿದ್ದ ಅವರಿಗೆ ಆಗಸ್ಟ್ 2ರಂದು ಜಾಮೀನು ಸಿಕ್ಕಿತು. ಅದಾದ ತಿಂಗಳಿಗೆ, ಸೆಪ್ಟೆಂಬರ್ 1ರಿಂದ, ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಜಾರಿಗೆ ಬಂತು. ಒಂದರ ಹಿಂದೊಂದು ಬಂದ ಈ ಸುದ್ದಿಗಳನ್ನು ಓದಿದ ಕಾಸರಗೋಡು, ಮಂಜೇಶ್ವರ, ಕುಂಬಳೆ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಸಹಜವಾಗಿಯೇ ಗೊಂದಲವಿದೆ. ಯುವಜನರಿಗೆ ಹೊರದೇಶಕ್ಕೆ ಹತ್ತು ಹದಿನೈದು ದಿನ ಸೇವೆಗೆ ಹೋಗಿಬರುವ ಆಸೆ. ಹೆತ್ತವರಿಗೆ ಭಯ. ಸೇವೆ ಮಾಡುವುದೂ ಅಪರಾಧವೇ? ಮಕ್ಕಳಿಗೆ ಹಾಡು ಕಲಿಸಿದರೆ ಪೊಲೀಸರು ಯಾಕೆ ಬರುತ್ತಾರೆ? ಹೋಗುವುದರಿಂದ ಅಲ್ಲಿನವರಿಗೆ ನಿಜವಾಗಿಯೂ ಉಪಯೋಗವಿದೆಯೇ?

ಮೊದಲಿನ ಎರಡು ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದೆ. ಮೂರನೆಯದಕ್ಕೆ ಕಾಸರಗೋಡಿನವರಿಗಿಂತ ಚೆನ್ನಾಗಿ ಉತ್ತರ ಹೇಳಬಲ್ಲವರು ಕಡಿಮೆ. ಹೊರಗಿನಿಂದ ಬಂದವರನ್ನು ಬರಮಾಡಿಕೊಂಡ ಅನುಭವ ಈ ನೆಲಕ್ಕೆ ಸಾಕಷ್ಟಿದೆ.

ಒಂದು ಪದ, ಮೂರು ಕೆಲಸ

ಗೊಂದಲದ ಮೂಲ ‘ಮಿಷನ್’ ಎಂಬ ಪದದಲ್ಲೇ ಇದೆ. ಪುಣ್ಯಕ್ಷೇತ್ರಕ್ಕೆ ಹೋಗುವುದನ್ನೂ, ಶಾಲೆಗೆ ಸುಣ್ಣ ಬಳಿದು ಕೊಡುವುದನ್ನೂ, ಸುವಾರ್ತೆ ಸಾರುವುದನ್ನೂ ನಾವು ಒಂದೇ ಪದದಲ್ಲಿ ಹೇಳುತ್ತೇವೆ. ಕಾನೂನು ಹಾಗೆ ನೋಡುವುದಿಲ್ಲ. ಅದರ ಕಣ್ಣಿಗೆ ಯಾತ್ರೆ ಬೇರೆ, ಸೇವೆ ಬೇರೆ, ಪ್ರಚಾರ ಬೇರೆ.

2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಕಥೋಲಿಕರ ವಿಶ್ವ ಯುವಜನ ದಿನ ನಿಗದಿಯಾಗಿದೆ. ಅದಕ್ಕೆ ಹೋಗುವವರು ಯಾತ್ರಿಕರು. ಪ್ರಾರ್ಥಿಸುತ್ತಾರೆ, ಬೇರೆ ದೇಶದ ಯುವಜನರನ್ನು ಭೇಟಿಯಾಗುತ್ತಾರೆ, ಮರಳುತ್ತಾರೆ. ಅಲ್ಲಿ ಯಾರಿಗೂ ‘ಸಹಾಯ’ ಮಾಡಲು ಹೋಗುವುದಿಲ್ಲವಾದ್ದರಿಂದ ಈ ಲೇಖನದ ತಕರಾರು ಅದಕ್ಕೆ ತಾಗುವುದಿಲ್ಲ. ತೊಡಕು ಶುರುವಾಗುವುದು ಸೇವೆ ಮತ್ತು ಪ್ರಚಾರ ಒಂದೇ ಚೀಲದಲ್ಲಿ ಹೋದಾಗ.

ಈ ರೂಢಿ ತೀರಾ ಹಳೆಯದಲ್ಲ. 1957ರಲ್ಲಿ ಜಾರ್ಜ್ ವರ್ವರ್ ಎಂಬ ಅಮೆರಿಕದ ವಿದ್ಯಾರ್ಥಿ ಗೆಳೆಯರೊಂದಿಗೆ ಬೇಸಿಗೆ ರಜೆಯಲ್ಲಿ ಮೆಕ್ಸಿಕೋಗೆ ಹೋಗಿ ಸುವಾರ್ತೆಯ ಪುಸ್ತಕ ಹಂಚಿದ್ದರಿಂದ ಆಪರೇಷನ್ ಮೊಬಿಲೈಸೇಶನ್ ಎಂಬ ಮಿಷನ್ ಸಂಸ್ಥೆ ಬೆಳೆಯಿತು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಯುವಜನರಿಗಾಗಿಯೇ ಯೂತ್ ವಿತ್ ಎ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ವಿಮಾನ ಪ್ರಯಾಣ ಅಗ್ಗವಾದಂತೆ ರಜೆಯ ಸೇವೆ ವಾಡಿಕೆಯಾಯಿತು. ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಕ್ಕೆ ಹೋಗುತ್ತಾರೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯೊಂದರ ಆಧಾರದಲ್ಲಿ ಅಂದಾಜಿಸಿದ್ದರು. ನಮ್ಮಲ್ಲಿ ಈಗ ಕಾಣುತ್ತಿರುವುದು ಅದೇ ಮಾದರಿ. ಒಂದು ಕಾಲದಲ್ಲಿ ಬರಮಾಡಿಕೊಳ್ಳುತ್ತಿದ್ದ ಊರುಗಳು ಈಗ ಕಳಿಸುವ ಊರುಗಳಾಗುತ್ತಿವೆ.

ನಮ್ಮ ದೇಶದ ನಿಯಮ ಏನು ಹೇಳುತ್ತದೆ

ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ‘ಎಲ್ಲ ವ್ಯಕ್ತಿ’ಗಳಿಗೂ ಕೊಟ್ಟಿದೆ. ನಾಗರಿಕರಿಗೆ ಮಾತ್ರ ಎಂದು ಅಲ್ಲಿಲ್ಲ. ಪ್ರಚಾರದ ಹಕ್ಕಿನಲ್ಲಿ ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಇಷ್ಟು ಓದಿದವರು, ಹಾಗಾದರೆ ವಿದೇಶಿಯರು ಉಪದೇಶ ಮಾಡಿದರೆ ತಪ್ಪೇನು ಎಂದು ಕೇಳುತ್ತಾರೆ. ತಪ್ಪು ವೀಸಾದ ಷರತ್ತಿನಲ್ಲಿದೆ. ಯಾವ ಉದ್ದೇಶಕ್ಕೆ ಒಳಗೆ ಬಿಡುತ್ತೇವೆ ಎಂದು ನಿರ್ಧರಿಸುವ ಅಧಿಕಾರ ಸರಕಾರದ್ದು. ಆ ಷರತ್ತು ಮೀರಿದರೆ ಹಕ್ಕಿನ ವಾದ ನಿಲ್ಲುವುದು ಕಷ್ಟ.

ಷರತ್ತುಗಳನ್ನು ಓದಿದರೆ ಅವು ಜನ ಅಂದುಕೊಂಡಷ್ಟು ಕಠಿಣವಾಗಿಲ್ಲ. ಇ-ಪ್ರವಾಸಿ ವೀಸಾದಲ್ಲಿ ಬಂದವರು ಒಂದು ತಿಂಗಳು ಮೀರದಂತೆ, ಯಾವ ಪ್ರತಿಫಲವೂ ಪಡೆಯದೆ ಸ್ವಯಂಸೇವೆ ಮಾಡಬಹುದು. ಚರ್ಚು, ಪುಣ್ಯಕ್ಷೇತ್ರಗಳಿಗೆ ಹೋಗಬಹುದು, ಪ್ರವಚನ ಕೇಳಬಹುದು. ಧಾರ್ಮಿಕ ಸಿದ್ಧಾಂತದ ಉಪದೇಶ, ಧಾರ್ಮಿಕ ಸ್ಥಳಗಳಲ್ಲಿ ಭಾಷಣ, ಕರಪತ್ರ ಮತ್ತು ಧ್ವನಿ-ದೃಶ್ಯ ಸಾಮಗ್ರಿ ಹಂಚುವುದು ಕೂಡದು. ಮಿಷನರಿ ಕೆಲಸಕ್ಕೆ ಪ್ರತ್ಯೇಕ ವೀಸಾ ಇದೆ. ಅಂದರೆ, ಹೊರಗಿನಿಂದ ಬಂದ ಹುಡುಗ ಅಂಗನವಾಡಿಯ ಗೋಡೆಗೆ ಬಣ್ಣ ಬಳಿಯಬಹುದು, ಚರ್ಚಿನ ಪೂಜೆಗೆ ಕೂರಬಹುದು. ಅದೇ ಪೂಜೆಯ ಕೊನೆಗೆ ಯಾರೋ ಪ್ರೀತಿಯಿಂದ ಕೈಗೆ ಮೈಕು ಕೊಟ್ಟು ‘ಎರಡು ಮಾತು ಹೇಳಿ’ ಎಂದಾಗ ಅವನು ಗೆರೆಯ ಮೇಲೆ ನಿಂತಿರುತ್ತಾನೆ. ಇಂಥ ಪ್ರಕರಣಗಳಲ್ಲಿ ಮೈಕು ಕೊಡುವವರು ನಾವೇ ಎಂಬುದನ್ನು ಮರೆಯಬಾರದು.

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿ ಬೆಳೆದು, ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಹಿಡಿದು ಬರುವ ಮೊಮ್ಮಕ್ಕಳು ‘ನಮ್ಮವರೇ’ ಎಂದು ನಾವು ತಿಳಿಯುತ್ತೇವೆ. ಆದರೆ 2021ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಆ ಕಾರ್ಡಿನವರೂ ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕು. 2025ರ ಕಾಯ್ದೆಯಲ್ಲಿ ವೀಸಾ ಷರತ್ತು ಮೀರಿದ ವಿದೇಶಿಯರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಮೂರು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ನೇಪಾಳ: ಬಾಗಿಲು ತೆರೆದಿದೆ, ಕಾನೂನು ಬಿಗಿಯಾಗಿದೆ

ನಮ್ಮ ಯುವಜನ ಗುಂಪುಗಳ ಮನಸ್ಸಿಗೆ ಮೊದಲು ಬರುವ ‘ಹೊರದೇಶ’ ನೇಪಾಳ. ಕಾರಣ ಸರಳ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಸಾಕು. ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿ ಗಡಿ ದಾಟಿದರೆ ಆಯಿತು. ಇಷ್ಟು ಸುಲಭವಾಗಿ ಒಳಗೆ ಹೋಗಬಹುದಾದ್ದರಿಂದ ಒಳಗಿನ ಕಾನೂನೂ ಅಷ್ಟೇ ಸಡಿಲ ಇರಬೇಕು ಎಂಬ ತಪ್ಪು ಎಣಿಕೆ ಹುಟ್ಟುತ್ತದೆ.

ನೇಪಾಳದ ಸಂವಿಧಾನದ 26ನೇ ವಿಧಿಯೇ ಮತಾಂತರವನ್ನು ನಿಷೇಧಿಸಿದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡಸಂಹಿತೆಯ 158ನೇ ಕಲಮಿನ ಪ್ರಕಾರ ಮತಾಂತರಿಸುವುದು, ಅದಕ್ಕೆ ಪ್ರಯತ್ನಿಸುವುದು, ಅದಕ್ಕೆ ಕುಮ್ಮಕ್ಕು ಕೊಡುವುದು ಮೂರೂ ಅಪರಾಧ. ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ಆಮಿಷ ಒಡ್ಡಿದರೆ ಮಾತ್ರ ತಪ್ಪು ಎಂಬ ವಿನಾಯಿತಿ ಅಲ್ಲಿಲ್ಲ.

ಈ ಕಾನೂನು ಬರುವ ಮೊದಲೇ ನಡೆದ ಘಟನೆಯೊಂದು ನಮಗೆ ಮುಖ್ಯ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು 9,000 ಜನ ಸತ್ತರು. ದೋಲಖಾ ಜಿಲ್ಲೆಯ ಚರಿಕೋಟ್‌ನಲ್ಲಿ, ಆ ಆಘಾತದಿಂದ ಹೊರಬರಲು ಶಾಲಾ ಮಕ್ಕಳಿಗೆ ನಡೆಸಿದ ಕಾರ್ಯಕ್ರಮದಲ್ಲಿ ಯೇಸುವಿನ ಕಥೆಯ ಚಿತ್ರಪುಸ್ತಕ ಹಂಚಿದ್ದಕ್ಕಾಗಿ 2016ರಲ್ಲಿ ಎಂಟು ಕ್ರೈಸ್ತರ ಮೇಲೆ ಮೊಕದ್ದಮೆ ಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆದರೆ ತಿಂಗಳುಗಟ್ಟಲೆ ನ್ಯಾಯಾಲಯಕ್ಕೆ ಅಲೆದವರು ಅಲ್ಲಿನ ನೆಲದವರು. ನಮ್ಮ ಚೀಲದಲ್ಲಿರುವ ನೂರು ಪುಸ್ತಕಗಳನ್ನು ಹಂಚಿ ನಾವು ರೈಲು ಹತ್ತಿದ ಮೇಲೆ ಪೊಲೀಸರು ಬಾಗಿಲು ಬಡಿಯುವುದು ಅಲ್ಲೇ ಉಳಿದ ಸಭಾಪಾಲಕರ ಮನೆಯದು. ಈ ಒಂದು ಕಾರ್ಯಕಾರಣವನ್ನು ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕು. ಧೈರ್ಯ ತೋರಿಸುವುದು ನಾವು, ಬೆಲೆ ಕೊಡುವುದು ಅವರು ಎಂದಾದರೆ ಅದನ್ನು ಸಾಕ್ಷ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪರವಾಗಿ ಇರುವ ಮಾತು

ಹೋಗಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ‘ನೀವು ಹೋಗಿ ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ’ ಎಂಬುದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿರುವ ಆಜ್ಞೆ. ವಿಶ್ವಾಸಿಗಳಿಗೆ ಅದು ಐಚ್ಛಿಕ ವಿಷಯವಲ್ಲ. ಬಡತನವನ್ನು ಕಣ್ಣಾರೆ ಕಂಡ ಇಪ್ಪತ್ತರ ಹರೆಯದವರು ವೃತ್ತಿಯನ್ನೇ ಬದಲಿಸಿದ್ದುಂಟು. ತಮ್ಮ ಊರಿನಲ್ಲಿ ಬೆರಳೆಣಿಕೆಯಷ್ಟಿರುವ ಕ್ರೈಸ್ತರಿಗೆ ದೂರದಿಂದ ಹದಿನೈದು ಜನ ಬಂದು ಜತೆಗೆ ಕೂತು ಪ್ರಾರ್ಥಿಸಿದರೆ ಆಗುವ ಸಮಾಧಾನವನ್ನು ಹಣದಿಂದ ಅಳೆಯಲಾಗದು.

ಅವರು ಇತಿಹಾಸವನ್ನೂ ಮುಂದಿಡುತ್ತಾರೆ. ಕಾಸರಗೋಡಿನ ಗಡಿಗೆ ಹತ್ತಿರದ ಮುಡಿಪುವಿನಲ್ಲಿ ಪುಣ್ಯಕ್ಷೇತ್ರವಿರುವ ಸಂತ ಜೋಸೆಫ್ ವಾಜ್ ಗೋವಾದವರು. 1681ರಿಂದ ಕೆಲವು ವರ್ಷ ಕೆನರಾದಲ್ಲಿ ದುಡಿದು, 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ ಕೂಲಿಯಾಳಿನ ವೇಷದಲ್ಲಿ ಒಳಹೊಕ್ಕರು. 1692ರಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದ ಮೇಲೆ ಕ್ಯಾಂಡಿಯಲ್ಲಿ ಸೆರೆಯಾದರು. ಕಾನೂನು ನೋಡಿಕೊಂಡೇ ಕೂತಿದ್ದರೆ ಅವರು ಸಂತರಾಗುತ್ತಿದ್ದರೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಬಾರದು. ವಾಜ್ ತಮಿಳು ಕಲಿತರು, ಸಿಂಹಳ ಕಲಿತರು. ವಾಪಸು ಬರಲಿಲ್ಲ. 24 ವರ್ಷ ಅಲ್ಲೇ ಇದ್ದು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಅಪಾಯವನ್ನು ಬೇರೆಯವರ ತಲೆಗೆ ಕಟ್ಟದೆ ತಾವೇ ಸೆರೆಮನೆಯಲ್ಲಿ ಕೂತರು. ಹದಿನೈದು ದಿನದ ಪ್ರವಾಸಕ್ಕೆ ಅವರ ಹೆಸರು ಹೇಳುವವರು ಈ ಅರ್ಧವನ್ನೂ ಹೇಳಬೇಕಾಗುತ್ತದೆ.

ಹತ್ತು ದಿನದೊಳಗೆ ನಡೆಯುವುದು

ಇಂಥ ಪ್ರವಾಸದ ಒಂದು ದಿನವನ್ನು ಹತ್ತಿರದಿಂದ ನೋಡಿದರೆ ಚರ್ಚೆ ನೆಲಕ್ಕಿಳಿಯುತ್ತದೆ. ಒಂದೇ ಬಣ್ಣದ ಟೀಶರ್ಟ್ ಹಾಕಿದ ಹದಿನೈದು ಜನ ಹಳ್ಳಿಯ ಶಾಲೆಗೆ ಬರುತ್ತಾರೆ. ಅತಿಥಿಗಳು ಬಂದರೆಂದು ಆ ದಿನದ ಪಾಠ ನಿಲ್ಲುತ್ತದೆ. ಆ್ಯಕ್ಷನ್ ಸಾಂಗ್, ಗೊಂಬೆಯಾಟ, ಬಲೂನು, ಚಾಕಲೇಟು. ಹೇಳುವ ಪ್ರತಿ ವಾಕ್ಯಕ್ಕೂ ಅನುವಾದಕ ಬೇಕು, ಹಾಗಾಗಿ ಅರ್ಧ ಗಂಟೆಯ ಮಾತಿಗೆ ಒಂದು ಗಂಟೆ ಹಿಡಿಯುತ್ತದೆ. ಅನುವಾದ ಮಾಡುವವರು ಅಲ್ಲಿನ ಮೇಷ್ಟರೇ, ಅವರ ತರಗತಿಯೂ ನಿಂತಿರುತ್ತದೆ. ಊಟಕ್ಕಾಗಿ ಸಭಾಪಾಲಕರ ಹೆಂಡತಿ ನಸುಕಿಗೆ ಎದ್ದು ಹದಿನೈದು ಜನಕ್ಕೆ ಹೆಚ್ಚುವರಿ ಅಕ್ಕಿ ಹಾಕಿರುತ್ತಾರೆ. ಕುಡಿಯುವ ನೀರಿನ ಕ್ಯಾನು ಪೇಟೆಯಿಂದ ತರಿಸಿರುತ್ತಾರೆ. ಸಂಜೆ ಫೋಟೊ. ಮಕ್ಕಳು ಅಳುತ್ತಾರೆ, ಬಂದವರೂ ಅಳುತ್ತಾರೆ. ಆ ಕಣ್ಣೀರು ಸುಳ್ಳಲ್ಲ.

ಅಮೆರಿಕದ ಯುವತಿಯೊಬ್ಬಳು 2014ರಲ್ಲಿ ತಾನೇ ಬರೆದುಕೊಂಡಂತೆ, ಟಾಂಜಾನಿಯಾದ ಅನಾಥಾಲಯಕ್ಕೆ ಅವಳ ಶಾಲೆಯ ಗುಂಪು ಹಗಲೆಲ್ಲ ಕಟ್ಟಿದ ಇಟ್ಟಿಗೆ ಗೋಡೆಯನ್ನು ಊರಿನವರು ರಾತ್ರಿ ಬಿಚ್ಚಿ, ಮತ್ತೆ ನೆಟ್ಟಗೆ ಕಟ್ಟಿಡುತ್ತಿದ್ದರು. ಕಟ್ಟಿದ ವಿದ್ಯಾರ್ಥಿಗಳಿಗೆ ಬೇಜಾರಾಗದಿರಲಿ ಎಂದು ಯಾರೂ ಅದನ್ನು ಅವರಿಗೆ ಹೇಳಲಿಲ್ಲ.

ಲೆಕ್ಕದ ಪ್ರಶ್ನೆಯನ್ನು ಎತ್ತಿದವರು ಚರ್ಚಿನ ಹೊರಗಿನವರಲ್ಲ. ಹೊಂಡುರಾಸ್‌ನಲ್ಲಿ ನೆಲೆಸಿದ್ದ ಕ್ರೈಸ್ತ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್, 1998ರ ಮಿಚ್ ಚಂಡಮಾರುತದ ನಂತರ ಕಟ್ಟಿದ ಮನೆಗಳ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿದರು. ಉತ್ತರ ಅಮೆರಿಕದ ತಂಡಗಳು ಬಂದು ಕಟ್ಟಿದ ಒಂದು ಮನೆಗೆ ಪ್ರಯಾಣವೂ ಸೇರಿ ಸುಮಾರು 30,000 ಡಾಲರ್ ಬಿದ್ದರೆ, ಅಲ್ಲಿನ ಕ್ರೈಸ್ತ ಸಂಸ್ಥೆ ಅಂಥದೇ ಮನೆಯನ್ನು ಸುಮಾರು 2,000 ಡಾಲರಿಗೆ ಕಟ್ಟಿತ್ತು. ಮನೆ ಪಡೆದ ಕುಟುಂಬಗಳಿಗೆ ಯಾರು ಕಟ್ಟಿದರು ಎಂಬುದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ದಾನ, ಪ್ರಾರ್ಥನೆಯ ಅಭ್ಯಾಸದಲ್ಲೂ ಬಹುಕಾಲ ಉಳಿಯುವ ಬದಲಾವಣೆ ಕಡಿಮೆ. ‘ಹೋದವರು ಬದಲಾಗುತ್ತಾರೆ’ ಎಂಬ ಪ್ರಬಲ ವಾದಕ್ಕೇ ಇದು ಪೆಟ್ಟು.

ನಮ್ಮ ಅಳತೆಯಲ್ಲಿ ಹೇಳುವುದಾದರೆ, ಹದಿನೈದು ಜನ ತಲಾ 40 ಸಾವಿರ ಹಾಕಿದರು ಅಂದುಕೊಳ್ಳಿ, ಆರು ಲಕ್ಷವಾಯಿತು. ಹಳ್ಳಿಯ ಶಾಲೆಯೊಂದರಲ್ಲಿ ಆ ಮೊತ್ತ ಎಷ್ಟು ಕಾಲ ಶಿಕ್ಷಕರ ಸಂಬಳವಾದೀತು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಇನ್ನೊಂದು ಮಾತು, ಚರ್ಚ್ ಸಮಿತಿಗಳಿಗೆ: ಧಾರ್ಮಿಕ ಟ್ರಸ್ಟ್‌ಗಳಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದು ಹಣ ಭಾರತದೊಳಗೆ ಖರ್ಚಾದಾಗ. ಹೊರದೇಶದಲ್ಲಿ ಖರ್ಚು ಮಾಡಲು ವಿಶೇಷ ಅನುಮೋದನೆ ಬೇಕು. ಟ್ರಸ್ಟಿನ ಖಾತೆಯಿಂದ ಟಿಕೆಟ್ ತೆಗೆಯುವ ಮೊದಲು ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಮಕ್ಕಳಿರುವ ಕಡೆ

ಅನಾಥಾಲಯದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಖಚಿತ: ಹೋಗಬಾರದು. 2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಬೆನ್ನಿಗೇ, ಅಮೆರಿಕದ ಹತ್ತು ಜನ ಬ್ಯಾಪ್ಟಿಸ್ಟ್ ಸ್ವಯಂಸೇವಕರು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸಲು ಹೋಗಿ ಗಡಿಯಲ್ಲಿ ಸಿಕ್ಕಿಬಿದ್ದರು. ಅನಾಥರೆಂದು ಹೇಳಲಾದ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ತಾಯಿ ಬದುಕಿದ್ದರು. ಹೊರಗಿನಿಂದ ಬಂದವರು ಮಕ್ಕಳನ್ನು ನೋಡಿ ಹಣ ಕೊಡುತ್ತಾರೆ, ಹಣ ಬರುತ್ತದೆಂದು ಮಕ್ಕಳನ್ನು ಮನೆಗಳಿಂದ ತರಿಸಿಕೊಳ್ಳುವವರು ಹುಟ್ಟುತ್ತಾರೆ. ಸದುದ್ದೇಶದ ಹಣವೇ ಈ ಚಕ್ರವನ್ನು ತಿರುಗಿಸುತ್ತದೆ. ಎರಡು ವಾರ ಎತ್ತಿಕೊಂಡು ಮುದ್ದಾಡಿದವರು ಹೊರಟುಹೋಗುವುದನ್ನು ವರ್ಷಕ್ಕೆ ಆರು ಸಲ ಅನುಭವಿಸುವ ಮಗುವಿನ ಪಾಡು ಬೇರೆಯೇ.

ಬರಮಾಡಿಕೊಂಡವರಿಗೆ ಗೊತ್ತಿರುವುದು

ಇನ್ನು ಕಾಸರಗೋಡಿನ ಮಾತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರು ಮತ್ತೆ ಮತ್ತೆ ಎತ್ತಿದ ದೂರು ಒಂದಿದೆ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುವುದು. ಬಂದ ಶಿಕ್ಷಕರು ಕೆಟ್ಟವರೆಂದು ಯಾರೂ ಹೇಳಲಿಲ್ಲ. ಪಾಠ ಮಾಡುವವರಿಗೆ ಮಗುವಿನ ಭಾಷೆ ಗೊತ್ತಿಲ್ಲದಿದ್ದರೆ ಕಲಿಯುವ ಹೊರೆಯೆಲ್ಲ ಮಗುವಿನ ತಲೆಗೆ ಬೀಳುತ್ತದೆ ಎಂದಷ್ಟೇ ಹೇಳಿ ಹೆತ್ತವರು ಬೀದಿಗಿಳಿದರು. ಅದೇ ಹೆತ್ತವರ ಮಕ್ಕಳು ನೇಪಾಳಿ ಬಾರದೆ ನೇಪಾಳದ ಶಾಲೆಗೆ, ಸ್ವಾಹಿಲಿ ಬಾರದೆ ಕೆನ್ಯಾದ ಶಾಲೆಗೆ ಹೋಗಿ ನಿಂತರೆ, ಅಲ್ಲಿನ ಮಗುವಿಗೆ ಏನಾಗುತ್ತದೆ ಎಂದು ಅವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಕ್ಯಾಮೆರಾದ ಅನುಭವವೂ ಇಲ್ಲಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಮಕ್ಕಳು ಹಾಸಿಗೆ ಹಿಡಿದ ನಂತರ, ಎಣ್ಮಕಜೆಯ ಪಡ್ರೆಯಂಥ ಊರುಗಳಿಗೆ ಎಲ್ಲೆಲ್ಲಿಂದಲೋ ಜನ ಬಂದರು. ಅವರು ತೆಗೆದ ಚಿತ್ರಗಳಿಂದ ಉಪಕಾರ ಆಗಲಿಲ್ಲವೆಂದು ಹೇಳಲಾಗದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿದ್ದರ ಹಿಂದೆ, ಅದೇ ವರ್ಷ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿದ್ದರ ಹಿಂದೆ ಆ ಚಿತ್ರಗಳ ಬಲವೂ ಇತ್ತು. ಆದರೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು 2017ರ ಜನವರಿಯಲ್ಲಿ ಕೋರ್ಟು ಹೇಳಿದ ಮೇಲೂ ಅದು ಕೈಸೇರಲು ತಾಯಂದಿರು ಅಲೆದರು. ಫೋಟೊ ತೆಗೆದು ಹೋದವರು ಮಗುವಿನ ಹಾಸಿಗೆ ಬದಲಿಸಲಿಲ್ಲ, ಅದು ಇಂದಿಗೂ ತಾಯಿಯದೇ ಕೆಲಸ. ಬಂದವರಲ್ಲಿ ಉಪಯೋಗಕ್ಕೆ ಬಿದ್ದವರು ಯಾರು ಎಂದು ಯೋಚಿಸಿದರೆ, ಮತ್ತೆ ಮತ್ತೆ ಬಂದವರು, ಕಚೇರಿಯ ಬಾಗಿಲಿಗೆ ಜತೆಯಲ್ಲಿ ಹೋದವರು.

ಮೂರನೆಯದು ಮಿಷನ್ನಿನ ಅನುಭವವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಧರ್ಮಪ್ರಚಾರಕ್ಕೇ ಬಂದವರು, ಅದೂ ವಸಾಹತು ಆಡಳಿತದ ನೆರಳಿನಲ್ಲಿ. ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಗಿದ್ದೂ ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಕಾಸರಗೋಡಿನ ಪೇಟೆಯಲ್ಲಿ ದಿನಾ ಕಿವಿಗೆ ಬೀಳುವ ಮೂರು ಭಾಷೆಗಳಿಗೆ ಒಂದೇ ಮಿಷನ್ನಿನಿಂದ ಮೂರು ನಿಘಂಟು. ಕಿಟ್ಟೆಲ್ ಬಂದದ್ದು 1853ರಲ್ಲಿ. ಬಂದ ವರ್ಷಕ್ಕೂ ನಿಘಂಟಿನ ವರ್ಷಕ್ಕೂ ನಡುವೆ 41 ವರ್ಷ. ಧರ್ಮ ಒಪ್ಪದ ಮನೆಗಳಲ್ಲೂ ಆ ಪುಸ್ತಕ ಇರಲು ಆ ವರ್ಷಗಳೇ ಕಾರಣ.

ಟಿಕೆಟ್ ತೆಗೆಯುವ ಮೊದಲು

ಹಾಗಾದರೆ ಯುವಜನರು ಮನೆಯಲ್ಲೇ ಕೂರಬೇಕೇ? ಬೇಡ. ಕಲಿಯಲು ಹೋಗಬಹುದು, ಅದನ್ನು ಕಲಿಯುವ ಪ್ರವಾಸ ಎಂದೇ ಕರೆದು, ಸ್ವಂತ ಖರ್ಚಿನಲ್ಲಿ. ನರ್ಸಿಂಗ್, ಫಿಸಿಯೋಥೆರಪಿ, ವೆಲ್ಡಿಂಗ್ ಹೀಗೆ ಕೈಯಲ್ಲಿ ಕಸುಬಿರುವವರು, ಅಲ್ಲಿನವರು ಹೆಸರಿಟ್ಟು ಕರೆದರೆ, ಆ ದೇಶದ ಅನುಮತಿ ಪಡೆದು ಹೋಗಬಹುದು. ವೈದ್ಯ ತರಬೇತಿಯೇ ಇಲ್ಲದ ಅಮೆರಿಕದ ಯುವತಿಯೊಬ್ಬಳು ಉಗಾಂಡಾದಲ್ಲಿ ಅಪೌಷ್ಟಿಕತೆಯ ಮಕ್ಕಳಿಗಾಗಿ ಕೇಂದ್ರ ನಡೆಸಿ, ಮಕ್ಕಳ ಸಾವಿನ ಬಗ್ಗೆ 2019ರಲ್ಲಿ ತಾಯಂದಿರು ಅವಳ ಮೇಲೆ ಮೊಕದ್ದಮೆ ಹೂಡಿದ್ದು ನೆನಪಿದ್ದರೆ, ಕಸುಬಿನ ಮಾತು ಯಾಕೆ ಎಂದು ತಿಳಿಯುತ್ತದೆ. ವರ್ಷ ಎರಡು ವರ್ಷ ಇರಲು ತಯಾರಿರುವ ಒಬ್ಬರನ್ನು ಇಡೀ ಗುಂಪು ಸೇರಿ ಕಳಿಸುವುದೂ ಒಂದು ದಾರಿ. ಅವರು ಮೊದಲ ಆರು ತಿಂಗಳು ಭಾಷೆ ಕಲಿಯಲಿ.

ಗುಂಪಾಗಿಯೇ ಹೋಗುವ ತೀರ್ಮಾನವಾದರೂ, ಆತಿಥ್ಯ ನೀಡುವ ಸಭೆಗೆ ಮೊದಲೊಂದು ಪತ್ರ ಹೋಗಬೇಕು. ನಾವು ಬಂದರೆ ಖರ್ಚಾಗುವುದು ಇಷ್ಟು. ನಾವು ಬರದೆ ಇದೇ ಹಣವನ್ನು ಕಾನೂನುಬದ್ಧವಾಗಿ ತಲುಪಿಸಲು ಸಾಧ್ಯವಾದರೆ ನೀವು ಏನು ಮಾಡುತ್ತೀರಿ? ನಾವು ಹೋದ ಮೇಲೆ ನಿಮಗೆ ತೊಂದರೆಯಾಗಬಹುದೇ? ಅತಿಥಿಗಳಿಗೆ ‘ಬರಬೇಡಿ’ ಎನ್ನುವುದು ಯಾರಿಗೂ ಕಷ್ಟ, ಆದ್ದರಿಂದ ಹಾಗೆ ಹೇಳಿದರೆ ನಮಗೆ ಬೇಸರವಿಲ್ಲ ಎಂದೂ ಬರೆಯಬೇಕು. ಉತ್ತರ ಬಂದ ಭಾನುವಾರ ಅದನ್ನು ಚರ್ಚಿನಲ್ಲಿ ಎಲ್ಲರ ಮುಂದೆ, ಒಂದು ಸಾಲೂ ಬಿಡದೆ ಓದಬೇಕು.